ಕೈ ಹಚ್ಚಲು ಎದ್ದವರು

ನಾನು ಏನು ಓದುತ್ತಿದ್ದೇನೆ ಎಂದು ಯಾರಾದರೂ ಕೇಳಿದರೆ ಅಕ್ಕ "ಎಂಬಿಎ" ಎನ್ನುತ್ತಿದ್ದಳು. ಅದು ಎಂಬಿಎ ಆಗಿರಲಿಲ್ಲ. ಹ್ಯೂಸ್ಟನ್ನಿನ ಒಂದು ಯೂನಿವರ್ಸಿಟಿಯಲ್ಲಿ, ಹೋಟೆಲ್ ನಿರ್ವಹಣೆ ಕಲಿಸುವ ವಿಭಾಗದಲ್ಲಿ, ಕಂಪನಿಗಳ ಸಭೆ ಸಮಾರಂಭಗಳನ್ನು ನಡೆಸುವುದು ಹೇಗೆ ಎಂಬುದನ್ನು ನಾನು ಓದುತ್ತಿದ್ದೆ. ವಾರ್ಷಿಕ ಸಮ್ಮೇಳನ, ಡೀಲರುಗಳ ಸಭೆ, ಬಹುಮಾನ ಹಂಚುವ ಡಿನ್ನರು. ಯಾರು ಎಲ್ಲಿ ಕೂರಬೇಕು, ಕಾಫಿ ಯಾವಾಗ ಬರಬೇಕು, ಭಾಷಣ ಉದ್ದವಾದರೆ ಅಡುಗೆಮನೆಗೆ ಏನು ಹೇಳಬೇಕು. ಇದಕ್ಕೂ ಪಠ್ಯಪುಸ್ತಕಗಳಿದ್ದವು, ಪರೀಕ್ಷೆಗಳಿದ್ದವು. ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ, ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಥ ಸಭೆಗಳ ಓಡಾಟ ನೋಡಿಕೊಳ್ಳುತ್ತಿದ್ದಾಗ ಅದು ನನಗೆ ಒಗ್ಗುವ ಕೆಲಸವೆಂದು ಗೊತ್ತಾಗಿತ್ತು. ಕೋರ್ಸನ್ನು ಹುಡುಕಿ ಸೇರಿದವಳು ನಾನೇ. ಯಾರೂ ತಳ್ಳಿರಲಿಲ್ಲ.

ಅಕ್ಕ, ಭಾವ ಇದ್ದದ್ದು ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ. ರಜೆ ಸಿಕ್ಕಾಗ ಹ್ಯೂಸ್ಟನ್ನಿನಿಂದ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ಅಲ್ಲಿ ದೇವಸ್ಥಾನಕ್ಕೆ ಹೋದರೂ ದಿನಸಿ ಅಂಗಡಿಗೆ ಹೋದರೂ ನಮ್ಮವರು ಯಾರಾದರೂ ಸಿಗುತ್ತಿದ್ದರು. ಒಮ್ಮೆ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದ ಒಬ್ಬ ಆಂಟಿ ಕೇಳಿದರು, "ಎಂಬಿಎ ಯಾವುದರಲ್ಲಿ? ಫೈನಾನ್ಸಾ, ಮಾರ್ಕೆಟಿಂಗಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಅದೇ, ಮ್ಯಾನೇಜ್‌ಮೆಂಟು," ಎಂದಳು.

ಕಾರಿನಲ್ಲಿ ಅವಳೇ ಮಾತು ತೆಗೆದಳು. "ಸುಳ್ಳೇನಲ್ಲವಲ್ಲ. ಮ್ಯಾನೇಜ್‌ಮೆಂಟ್ ಅನ್ನೋ ಪದ ಇದೆ ತಾನೆ ಅದರಲ್ಲಿ?"

"ಇವೆಂಟ್ ಅನ್ನೋ ಪದಾನೂ ಇದೆ ಅಕ್ಕ."

"ಇವೆಂಟ್ ಅಂದ್ರೆ ಇವರೆಲ್ಲ ಏನಂತಾರೆ ಗೊತ್ತಾ? ಶಾಮಿಯಾನ ಹಾಕ್ಸೋದು ಕಲಿಯೋಕೆ ಅಮೆರಿಕಾಗೆ ಬರಬೇಕಿತ್ತಾ ಅಂತಾರೆ. ನಾಳೆ ನಿಂಗೆ ಗಂಡು ನೋಡೋದು ಬೇಡ್ವಾ?"

ಡ್ರೈವ್ ಮಾಡುತ್ತಿದ್ದ ಭಾವ, "ಇವಳ ಮದುವೆ ಕಾಂಟ್ರಾಕ್ಟು ಇವಳಿಗೇ ಕೊಟ್ಬಿಡೋಣ ಬಿಡೇ. ಡಿಸ್ಕೌಂಟ್ ಸಿಗುತ್ತೆ," ಎಂದರು. ಅಕ್ಕ ನಗಲಿಲ್ಲ. ನಾನು ನಕ್ಕೆ ಅಂತ ಕಾಣುತ್ತದೆ.

ಇದು ಒಂದೇ ದಿನದ ಮಾತೋ, ಹಲವು ಸಲ ಆಡಿದ್ದು ನನ್ನ ತಲೆಯಲ್ಲಿ ಒಂದೇ ಕಾರಿನೊಳಗೆ ಸೇರಿಕೊಂಡಿದೆಯೋ, ಖಚಿತವಿಲ್ಲ. ಡೈರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ಡೈರಿಯಲ್ಲಿ ನಾನು ಬರೆಯುತ್ತಿದ್ದದ್ದು ಹವೆ, ಊಟ, ಕ್ಲಾಸು. ನಾಚಿಕೆಯಾದದ್ದನ್ನು ಬರೆಯುವಷ್ಟು ಧೈರ್ಯದವಳಲ್ಲ. ಅದಕ್ಕೇ ನಾಚಿಕೆಯ ಸಂಗತಿಗಳೆಲ್ಲ ಬರೀ ನೆನಪಿನ ಮೇಲೆ ನಿಂತಿವೆ, ಮತ್ತು ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಒಂದಂತೂ ನಿಜ. ಅಕ್ಕ ಎಂಬಿಎ ಎಂದಾಗ ನನಗೆ ಅವಳ ಮೇಲೆ ಬರುತ್ತಿದ್ದ ಸಿಟ್ಟಿಗಿಂತ, ಒಳಗೆ ಆಗುತ್ತಿದ್ದ ಸಮಾಧಾನ ಹೆಚ್ಚಿಗೆ ಇರುತ್ತಿತ್ತು. ಸಮಾಧಾನ ಆಯಿತಲ್ಲ ಎಂದು ಆಮೇಲೆ ನಾಚಿಕೆ.

ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ನಿಜವಾದ ಒಂದು ಸಮಾರಂಭವನ್ನು ಮೊದಲಿನಿಂದ ಕೊನೆಯತನಕ ನಡೆಸಿಕೊಡಬೇಕಿತ್ತು. ನಮ್ಮ ಪ್ರೊಫೆಸರ್ ದೊಡ್ಡ ಹೋಟೆಲುಗಳ ಔತಣಕೂಟಗಳನ್ನು ವರ್ಷಾನುಗಟ್ಟಲೆ ನಡೆಸಿ, ಆಮೇಲೆ ಪಾಠ ಹೇಳಲು ಬಂದ ಹೆಂಗಸು. ಬೆಳ್ಳಿ ಕೂದಲು, ಸಪಾಟು ಷೂ, ಹೆಚ್ಚು ಮಾತಿಲ್ಲ. ಮೊದಲ ದಿನವೇ ಹೇಳಿದ್ದರು: ಒಳ್ಳೆಯ ಸಮಾರಂಭದಲ್ಲಿ ಅದನ್ನು ನಡೆಸಿದವರು ಯಾರ ಕಣ್ಣಿಗೂ ಬೀಳುವುದಿಲ್ಲ, ನಿಮ್ಮನ್ನು ಅತಿಥಿ ಗಮನಿಸಿದ ಎಂದರೆ ಎಲ್ಲೋ ಏನೋ ತಪ್ಪಿದೆ. ಆಸ್ಟಿನ್‌ನ ಒಂದು ಹೋಟೆಲಿನಲ್ಲಿ ಸಮ್ಮೇಳನಗಳ ವಿಭಾಗದಲ್ಲಿ ನನಗೊಂದು ಕೆಲಸ ಹೆಚ್ಚುಕಡಿಮೆ ಗೊತ್ತಾಗಿತ್ತು. ಉಳಿದದ್ದು ಈ ಸಮಾರಂಭದ ಬಗ್ಗೆ ಪ್ರೊಫೆಸರ್ ಹೇಳುವ ಮಾತು ಮಾತ್ರ. ಆ ಕೆಲಸದ ಮೇಲೆ ನಾನು ಸಂಬಳಕ್ಕಿಂತ ದೊಡ್ಡದೊಂದು ಆಸೆ ಇಟ್ಟುಕೊಂಡಿದ್ದೆ. ಕೆಲಸ ಸಿಕ್ಕಿತೆಂದರೆ, ಟೇಬಲ್ಲು, ಕುರ್ಚಿ, ಹೆಸರಿನ ಫಲಕ ಬಂತೆಂದರೆ, ನಾನು ಏನು ಓದಿದೆ, ಏನು ಮಾಡುತ್ತೇನೆ ಎಂಬುದನ್ನು ಅಕ್ಕ ತನ್ನ ಬಾಯಿಂದಲೇ ಜನರಿಗೆ ಹೇಳುತ್ತಾಳೆ.

ಸಮಾರಂಭ ಸಿಕ್ಕಿದ್ದು ಭಾವನ ಪರಿಚಯದಿಂದ. ಡಾಲಸ್ ಹತ್ತಿರದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಉಡುಪಿ ಕಡೆಯ ಒಬ್ಬರದು ಸಣ್ಣ ಕಂಪನಿ ಇತ್ತು. ಡಾಕ್ಟರುಗಳ ಕ್ಲಿನಿಕ್ಕುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಅವರ ಗಿರಾಕಿ ಡಾಕ್ಟರುಗಳಿಗೆ, ಅವರ ಕುಟುಂಬದವರಿಗೆ ವರ್ಷಕ್ಕೊಂದು ಡಿನ್ನರು. ಇರ್ವಿಂಗ್‌ನದೇ ಭಾಗವಾದ ಲಾಸ್ ಕೋಲಿನಾಸ್‌ನ ಒಂದು ಹೋಟೆಲಿನಲ್ಲಿ, ಬಿಳಿ ಬಟ್ಟೆ ಹಾಸಿದ ದುಂಡು ಮೇಜುಗಳು, ವೇದಿಕೆ, ಬಹುಮಾನ, ಕೂತಲ್ಲಿಗೇ ತಂದುಕೊಡುವ ಊಟ. ಬಂದವರಲ್ಲಿ ಅರ್ಧ ಜನ ನಮ್ಮವರು. ಅಕ್ಕ, ಭಾವನಿಗೂ ಆಹ್ವಾನ ಇತ್ತು.

ಅವರು ಕೂತ ಮೇಜಿನಲ್ಲೇ, ಡಾಲಸ್ ಹತ್ತಿರದ ಮರ್ಫಿ ಎಂಬ ಊರಿನಲ್ಲಿದ್ದ ಧಾರವಾಡದ ಆಂಟಿಯೂ ಇದ್ದರು. ಇವರ ಬಗ್ಗೆ ಸ್ವಲ್ಪ ಹೇಳಬೇಕು. ಗಂಡ ಡಾಕ್ಟರು, ದೊಡ್ಡ ಮನೆ, ಗಣೇಶನ ಹಬ್ಬಕ್ಕೆ ಡಾಲಸ್ ಸುತ್ತಲಿನ ಕನ್ನಡದವರೆಲ್ಲ ಅಲ್ಲಿಗೇ ಹೋಗುವುದು. ಆ ಮನೆಯಲ್ಲಿ ಯಾರು ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಒಳಗೆ ಬಂದವರು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ಸೌತೆಕಾಯಿ ಹೆಚ್ಚುವುದೋ, ಒಗ್ಗರಣೆ ಹಾಕುವುದೋ, ಏನಾದರೊಂದಕ್ಕೆ ಕೈಹಾಕುತ್ತಿದ್ದರು. ಒಬ್ಬಳು ಬಡಿಸಲು ನಿಂತಿದ್ದರೆ ಇನ್ನೊಬ್ಬಳು ಸುಮ್ಮನೆ ಕೂರುವುದು ಅಲ್ಲಿ ನಡೆಯದ ಮಾತು. ಅದಕ್ಕೆ ಆಂಟಿ ಕೈ ಹಚ್ಚುವುದು ಎನ್ನುತ್ತಿದ್ದರು. "ಬರ್ರಿ, ಸ್ವಲ್ಪ ಕೈ ಹಚ್ಚರಿ," ಎಂದರೆ ದೊಡ್ಡ ದೊಡ್ಡ ಸರ್ಜನ್ನುಗಳ ಹೆಂಡಂದಿರೂ ಏಳುತ್ತಿದ್ದರು. ನಾನೂ ಅಲ್ಲಿ ಪಾತ್ರೆ ತೊಳೆದಿದ್ದೇನೆ, ಖುಷಿಯಿಂದ.

ಆ ಸಂಜೆ ನಾನು ಕಪ್ಪು ಪ್ಯಾಂಟು, ಕಪ್ಪು ಕೋಟು ಹಾಕಿ, ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡಿದ್ದೆ. ಹೊಸ ಷೂ ಕಚ್ಚುತ್ತಿತ್ತು. ಡೈರಿಯಲ್ಲಿ ಆ ದಿನಕ್ಕೆ ಅದೊಂದೇ ಸಾಲು ಇದೆ. ಪ್ರೊಫೆಸರ್ ಹ್ಯೂಸ್ಟನ್ನಿನಿಂದ ಬಂದು ಹಿಂದಿನ ಕಂಬದ ಪಕ್ಕ ಕೈಕಟ್ಟಿ ನಿಂತಿದ್ದರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕಂಪನಿಯ ಯಜಮಾನರು ಭಾಷಣಕ್ಕೆ ನಿಂತರು. ಅವರಿಗೆ ಕೊಟ್ಟ ಸಮಯ ಮುಗಿಯಿತು, ಅವರು ಮುಗಿಸಲಿಲ್ಲ. ತಮ್ಮ ಮೊದಲ ಆಫೀಸು, ಅದರ ಸೋರುವ ಸೂರು, ಮೊದಲ ಗಿರಾಕಿ, ಹೀಗೆ ಹಿಂದಕ್ಕೆ ಹೋಗತೊಡಗಿದರು. ಇದೂ ಪಠ್ಯದಲ್ಲಿ ಇರುವುದೇ. ನಾನು ಬಡಿಸುವವರ ಮುಖ್ಯಸ್ಥನಿಗೆ ವಾಕಿಟಾಕಿಯಲ್ಲಿ ಬಿಸಿ ತಟ್ಟೆಗಳನ್ನು ತಡೆಯಲು ಹೇಳಿದೆ. "ಚಿಂತೆಯಿಲ್ಲ, ಇನ್ನೂ ಸ್ವಲ್ಪ ಹೊತ್ತು ತಡೀಬಹುದು," ಎಂದ. ಅಡುಗೆಮನೆಯ ಬಾಗಿಲಿನಾಚೆ ಅವನ ಜನ ಸಾಲಾಗಿ ನಿಂತಿದ್ದರು.

ನಾನೂ ಬಾಗಿಲಿನಾಚೆಯೇ ನಿಲ್ಲಬೇಕಿತ್ತು. ಹಾಲಿನೊಳಗೆ ನನಗೇನೂ ಕೆಲಸವಿರಲಿಲ್ಲ. ಆದರೂ ಬಂದು ಗೋಡೆಗೆ ಒರಗಿ ನಿಂತೆ. ಅಕ್ಕನ ಮೇಜು ಕಾಣುವ ಜಾಗ ಅದು. ಅಕ್ಕ ನನ್ನನ್ನು ನೋಡುತ್ತಿದ್ದಾಳಾ, ನೋಡಿದರೆ ಅವಳ ಮುಖ ಹೇಗಿದೆ, ಪಕ್ಕದವರಿಗೆ ಏನು ಹೇಳುತ್ತಿದ್ದಾಳೆ, ಇದೇ ಯೋಚನೆ. ಅವಳು ವೇದಿಕೆಯ ಕಡೆಗೇ ನೋಡುತ್ತಿದ್ದಳು. ಆ ಭಾಷಣವನ್ನು ಅಷ್ಟು ಶ್ರದ್ಧೆಯಿಂದ ಕೇಳುತ್ತಿದ್ದವರು ಇಡೀ ಹಾಲಿನಲ್ಲಿ ಇನ್ನೊಬ್ಬರಿರಲಿಲ್ಲ.

ನನ್ನನ್ನು ನೋಡಿದ್ದು ಧಾರವಾಡದ ಆಂಟಿ. ಕುರ್ಚಿ ಸರಿಸಿ, ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಯಾಕ ತಂಗಿ, ಮಾರಿ ಹಿಂಗ್ಯಾಕ ಮಾಡೀ? ಅಡಗಿ ಆಗಿಲ್ಲೇನು?"

"ಆಗಿದೆ ಆಂಟಿ. ಭಾಷಣ ಮುಗೀಲಿ ಅಂತ ತಡೆದಿದ್ದೀವಿ ಅಷ್ಟೆ. ನೀವು ಕೂತ್ಕೊಳ್ಳಿ."

"ಬಡಸಾವ್ರು ಬಂದಿಲ್ಲ ಅಂತ ಕಾಣಸ್ತದ. ನನ್ನ ಮುಂದ ಹೇಳಲಿಕ್ಕೆ ಏನ್ ನಾಚಿಕಿ?"

"ಬಂದಿದ್ದಾರೆ ಆಂಟಿ. ಒಳಗಿದ್ದಾರೆ."

"ಒಳಗ ನಿಂತು ಏನ್ ಮಾಡ್ಲಿಕತ್ತಾರ? ನೀ ಒಬ್ಬಾಕಿ ಹೊರಗ ನಿಂತು ಅಳೂ ಹಂಗ ಆಗೀ."

ಅಷ್ಟು ಹೇಳಿ ಅವರು ತಮ್ಮ ಮೇಜಿನ ಕಡೆ ತಿರುಗಿ, ಬನ್ನಿ ಎಂಬಂತೆ ಕೈಯಾಡಿಸಿದರು. ಹಬ್ಬದ ದಿನ ಮರ್ಫಿಯ ಮನೆಯಲ್ಲಿ ಹೇಗೋ ಹಾಗೆ. ಹೆಂಗಸರು ಎದ್ದರು. ಪಕ್ಕದ ಮೇಜಿನವರು ಇವರನ್ನು ನೋಡಿ ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಮರುಕ್ಷಣ ಒಬ್ಬರ ಕೈಯಲ್ಲಿ ಬ್ರೆಡ್ಡಿನ ಬುಟ್ಟಿ, ಇನ್ನೊಬ್ಬರ ಕೈಯಲ್ಲಿ ಬೆಣ್ಣೆ, ಮತ್ತೊಬ್ಬರು ನೀರಿನ ಜಗ್ಗು. ಮೇಜಿನಿಂದ ಮೇಜಿಗೆ ಬಡಿಸುತ್ತ ಹೊರಟರು. ಟೆಕ್ಸಾಸಿನ ಒಬ್ಬ ಹೃದಯತಜ್ಞ ಬ್ರೆಡ್ಡು ಸಾಕೆಂದು ಕೈ ಅಡ್ಡ ಹಿಡಿದರೆ ಆಂಟಿ ಆ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, "ಒಂದ ಹಾಕ್ಕೋರಿ, ಏನಾಗೂದಿಲ್ಲ," ಎಂದು ಕನ್ನಡದಲ್ಲೇ ಹೇಳಿ ಎರಡು ಹಾಕಿದರು. ಯಜಮಾನರ ಹೆಂಡತಿ ಇದನ್ನು ನೋಡಿ, ತಮ್ಮದೇ ಸಮಾರಂಭದಲ್ಲಿ ತಾವು ಕೂತಿದ್ದರೆ ಹೇಗೆಂದು ಮುಂದಿನ ಮೇಜಿನಿಂದ ಎದ್ದು ಬಂದರು. ಒಬ್ಬ ದಂತವೈದ್ಯರ ಅಮೆರಿಕನ್ ಹೆಂಡತಿ, ಇದು ನಮ್ಮ ಸಂಪ್ರದಾಯವಿರಬೇಕೆಂದುಕೊಂಡು, ತಾನೂ ಒಂದು ಬುಟ್ಟಿ ಇಸಿದುಕೊಂಡಳು. ಯಜಮಾನರು ಮಾತ್ರ ವೇದಿಕೆಯ ಮೇಲೆ ಇನ್ನೂ ಸೋರುವ ಸೂರಿನ ಕೆಳಗೇ ಇದ್ದರು.

ಬಡಿಸುವವರ ಮುಖ್ಯಸ್ಥ ಬಿಳಿ ಕೈಗವಸಿನ ಎರಡೂ ಕೈಗಳನ್ನು ಖಾಲಿ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತ. "ಇವರಲ್ಲಿ ಯಾರಾದರೂ ಜಾರಿ ಬಿದ್ದರೆ ಹೋಟೆಲಿನ ತಲೆಗೆ ಬರುತ್ತೆ. ದಯವಿಟ್ಟು ಕೂರಿಸಿ," ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಕುಡಿದು ಗಲಾಟೆ ಮಾಡುವ ಅತಿಥಿಯನ್ನು, ಮೈಕು ಬಿಡದ ಅತಿಥಿಯನ್ನು, ಎಲ್ಲ ತರಹದವರನ್ನು ನಯವಾಗಿ ಕೂರಿಸುವ ಇಂಗ್ಲಿಷ್ ವಾಕ್ಯಗಳು ನನಗೆ ಬಾಯಿಪಾಠವಿದ್ದವು. ಬಡಿಸುತ್ತಿರುವ ಆಂಟಿಯನ್ನು ಕೂರಿಸುವ ಕನ್ನಡ ವಾಕ್ಯ ಒಂದೂ ಇರಲಿಲ್ಲ. "ಆಂಟಿ, ಬೇಡ ಆಂಟಿ," ಎಂದು ಹಿಂದೆ ಹಿಂದೆ ಹೋದೆ. "ನೀ ಸುಮ್ಮನಿರು, ಸಂಕೋಚ ಮಾಡಬ್ಯಾಡ," ಎಂದರು. ಕೊನೆಗೆ ಅವರ ಕೈಯ ಖಾಲಿ ಬುಟ್ಟಿ ತೆಗೆದುಕೊಂಡು ನಾನೇ ತುಂಬಿಸಿಕೊಟ್ಟೆ. ಇನ್ನೇನು ಮಾಡಬೇಕೋ ತಿಳಿಯಲಿಲ್ಲ.

ಅಕ್ಕ ಏಳಲಿಲ್ಲ. ನನಗೆ ಕಾಣುವ ಚಿತ್ರ ಇದು: ಹೆಂಗಸರೆಲ್ಲ ಎದ್ದುಹೋದ ಆ ಮೇಜಿನಲ್ಲಿ ಅವಳೊಬ್ಬಳೇ ತಲೆ ತಗ್ಗಿಸಿ ಬಟ್ಟೆಯ ನ್ಯಾಪ್‌ಕಿನ್ನನ್ನು ಮಡಿಸುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಸುತ್ತಾಳೆ. ನಾನು ಹತ್ತಿರ ಹೋದಾಗ ಜಗ್ಗು ಹಿಡಿದಿದ್ದ ಒಬ್ಬರು ಅವಳನ್ನು ಕೇಳುತ್ತಿದ್ದರು, "ನಿಮ್ಮ ತಂಗಿ ಅಲ್ವಾ? ಎಂಬಿಎ ಅಂದಿದ್ರಲ್ಲ?"

"ಹೂಂ. ಇದು ಪ್ರಾಜೆಕ್ಟು ಅವಳದ್ದು."

"ಓ, ಪ್ರಾಜೆಕ್ಟಾ," ಎಂದು ಅವರು ಅವಳ ಲೋಟಕ್ಕೆ ನೀರು ತುಂಬಿಸಿದರು.

ಹಿಂದಿನ ಕಂಬದ ಹತ್ತಿರ ಆಂಟಿ ಪ್ರೊಫೆಸರಿಗೂ ಬ್ರೆಡ್ಡು ಬಡಿಸಿದ್ದರು. ತಟ್ಟೆಯಿಲ್ಲದ್ದರಿಂದ ಪ್ರೊಫೆಸರ್ ಅದನ್ನು ಕೈಯಲ್ಲೇ ಹಿಡಿದು ನಿಂತಿದ್ದರು, ತಿನ್ನುವಂತಿಲ್ಲ, ಕೆಳಗಿಡುವಂತಿಲ್ಲ. ಅವರು ನನ್ನನ್ನು ನೋಡಿದರು. ನಾನು ಬೇರೆ ಕಡೆ ನೋಡಿದೆ. ಆ ಹಾಲಿನಲ್ಲಿ ನನ್ನನ್ನು ಗಮನಿಸದೇ ಇದ್ದವರು ಆಗ ಯಾರೂ ಉಳಿದಿರಲಿಲ್ಲ.

ಹೊರಡುವಾಗ ಯಜಮಾನರು ಬಹಳ ಸಂತೋಷದಲ್ಲಿದ್ದರು. "ಮನೆ ಕಾರ್ಯಕ್ರಮದ ಹಾಗಿತ್ತಮ್ಮ," ಎಂದರು. ಅದಕ್ಕಿಂತ ಕೆಟ್ಟ ಮಾತು ಆ ಹೊತ್ತಿಗೆ ನನಗೆ ಬೇರೆ ಯಾವುದೂ ಇರಲಿಲ್ಲ.

ಸಮಾರಂಭವಾದ ಮೇಲೆ ಕ್ಲಾಸಿನ ಎದುರು ನಿಂತು ಏನು ಸರಿಹೋಯಿತು, ಏನು ಕೆಟ್ಟಿತು ಎಂದು ಹೇಳುವುದು ನಮ್ಮಲ್ಲಿ ಪದ್ಧತಿ. ಹ್ಯೂಸ್ಟನ್ನಿನಲ್ಲಿ ನನ್ನ ಸರದಿ ಬಂತು. ನಾನು ನಡೆದದ್ದನ್ನು ಹೇಳಿದೆ. ಸಹಪಾಠಿಗಳು, ನನಗಿಂತ ಚಿಕ್ಕವರು, ನಕ್ಕರು. ಕೆಟ್ಟ ನಗುವೇನಲ್ಲ. ಪ್ರೊಫೆಸರ್ ಕೇಳಿದರು, "ಅವರು ಯಾಕೆ ಎದ್ದರು?"

"ನಮ್ಮ ಕಡೆ ಹೀಗೊಂದು ರೂಢಿ ಇದೆ..."

"ರೂಢಿ ಇರಲಿ. ಏನನ್ನು ನೋಡಿ ಎದ್ದರು?"

ಅವರು ಕಾದರು. ಕಾಯುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

"ನನ್ನ ಮುಖ ನೋಡಿ," ಎಂದೆ.

"ಊಟ ತಡವಾಗಿತ್ತೆ?"

"ಇಲ್ಲ."

"ಮತ್ತೆ ನೀನು ಹಾಲಿನೊಳಗೆ ಯಾಕೆ ಬಂದೆ?"

"ನನ್ನ ಅಕ್ಕ ಬಂದಿದ್ದಳು," ಎಂದೆ. ಇಂಗ್ಲಿಷಿನಲ್ಲಿ ಆ ವಾಕ್ಯ ಎಷ್ಟು ಚಿಕ್ಕದಾಗಿತ್ತೆಂದರೆ, ಯಾರಿಗೂ ಅರ್ಥವಾಗಿರಲಾರದು. ಕ್ಲಾಸು ಸುಮ್ಮನಾಯಿತು. ಪ್ರೊಫೆಸರ್ ಮತ್ತೇನೂ ಕೇಳದೆ, ಕೂರು ಎಂದು ಕೈ ತೋರಿಸಿದರು. ಎಲ್ಲರೂ ನಕ್ಕಾಗ ಇಲ್ಲದ ನಾಚಿಕೆ, ಎಲ್ಲರೂ ಸುಮ್ಮನಾದಾಗ ಕಿವಿಯವರೆಗೆ ಏರಿತು.

ಪಾಸಾದೆ. ಆಸ್ಟಿನ್‌ಗೆ ಪ್ರೊಫೆಸರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಹೋಟೆಲಿನವರು ಬೇಡ ಎನ್ನಲಿಲ್ಲ. ಆದರೆ ಟೇಬಲ್ಲು, ಕುರ್ಚಿಯ ಕೆಲಸ ಆಮೇಲೆ ನೋಡೋಣ. ಮೊದಲು ಕೆಲವು ತಿಂಗಳು ಔತಣದ ಹಾಲುಗಳಲ್ಲಿ ಬಡಿಸುವವರ ಜೊತೆ ತಟ್ಟೆ ಹೊರಬೇಕು, ಹಾಲಿನಲ್ಲಿ ನಿಲ್ಲುವುದನ್ನು ಕಲಿಯಬೇಕು ಎಂದರು. ಅಕ್ಕ ಏನಕ್ಕೆ ಹೆದರಿದ್ದಳೋ ಸರಿಯಾಗಿ ಅದೇ. ಫೋನಿನಲ್ಲಿ ಹೇಳಿದಾಗ ಅವಳು, "ಸಾಮಾನು ಎಷ್ಟಿದೆ?" ಎಂದಳು.

ಭಾವನ ಕಾರಿನಲ್ಲಿ ಹ್ಯೂಸ್ಟನ್ನಿಗೆ ಬಂದು, ಅವಳೇ ನನ್ನನ್ನು ಆಸ್ಟಿನ್‌ಗೆ ಬಿಟ್ಟುಬರಲು ಹೊರಟಳು. ದಾರಿಯುದ್ದಕ್ಕೂ ಅವಳ ಮಗಳ ಸ್ಕೂಲು, ಅಮ್ಮನ ಮಂಡಿನೋವು, ಇಂಥವೇ ಮಾತು. ಅಂದು ಹೋಟೆಲಿನಲ್ಲಿ ಹೆಸರು ಬರೆಸಿ, ಅವರು ಕೊಟ್ಟಿದ್ದ ಕೋಣೆಯಲ್ಲಿ ಸಾಮಾನು ಇಡಬೇಕಿತ್ತು. ಮುಂಬಾಗಿಲಿಗೆ ಕಾರು ನಿಲ್ಲಿಸಿದೆವು. ಬಾಗಿಲಲ್ಲಿದ್ದವನು ನನ್ನ ಕಾಗದ ನೋಡಿ, ಕೆಲಸದವರು ಹಿಂದಿನಿಂದ ಬರಬೇಕು ಎಂದ. ಅಕ್ಕ ಕಾರು ತಿರುಗಿಸಿದಳು. ಹಿಂಭಾಗದಲ್ಲಿ ಎತ್ತರದ ಒಂದು ಕಟ್ಟೆಯ ಮೇಲಕ್ಕೆ ಲಾರಿಗಳಿಂದ ತರಕಾರಿ ಇಳಿಸುತ್ತಿದ್ದರು. ಕಸದ ದೊಡ್ಡ ಡಬ್ಬಗಳು, ಕಮಟು ಎಣ್ಣೆಯ ವಾಸನೆ, ಕೆಳಗೆ ಒದ್ದೆ ಸಿಮೆಂಟು.

"ಇಲ್ಲಿಂದಾನಾ?"

"ಇಲ್ಲಿಂದಾನೇ ಅಕ್ಕ."

ಅವಳು ಇಳಿದಳು. ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ಇರ್ವಿಂಗ್‌ನ ಯಾರೋ ಗೆಳತಿ. ಕಾರಿಗೆ ಒರಗಿ ಅವಳು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಆಸ್ಟಿನ್‌ನಲ್ಲಿದ್ದೀನಿ ಕಣೆ. ತಂಗೀನ ಕೆಲಸಕ್ಕೆ ಬಿಡೋಕೆ ಬಂದೆ. ಹೋಟೆಲಿನಲ್ಲಿ. ಹೂಂ, ಅದೇ, ಫಂಕ್ಷನ್ನು ಗಿಂಕ್ಷನ್ನು ನಡೆಸೋದು. ಅದನ್ನೇ ಓದಿದ್ದು ಅವಳು."

ಆ ಕರೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಕಷ್ಟದ ತಿಂಗಳುಗಳಲ್ಲಿ, ತಟ್ಟೆ ಹೊತ್ತು ಭುಜ ಬಿದ್ದುಹೋದಾಗ, ಅದನ್ನೇ ನೆನೆಸಿಕೊಂಡಿದ್ದೇನೆ. ಮೊನ್ನೆ ಇದನ್ನು ಬರೆಯಲು ಕೂತಾಗ ಅಕ್ಕನಿಗೆ ಫೋನ್ ಮಾಡಿ, ಆ ದಿನ ಫೋನಿನಲ್ಲಿ ಇದ್ದದ್ದು ಯಾರು ಎಂದು ಕೇಳಿದೆ.

"ಮೊಬೈಲಾ? ಆಗ ನನ್ನ ಹತ್ರ ಎಲ್ಲಿತ್ತೇ? ನಿನ್ನ ಭಾವಂಗೆ ಆಫೀಸಿಂದ ಕೊಟ್ಟಿದ್ರು. ನಂಗೆ ಬಂದಿದ್ದು ಎಷ್ಟೋ ಆಮೇಲೆ."

"ಭಾವಂದು ತಂದಿದ್ಯೇನೋ."

"ಕೊಡ್ತಿದ್ರಾ ಅವರು? ಚೆನ್ನಾಗಿ ಹೇಳ್ದೆ."

ಲಾಸ್ ಕೋಲಿನಾಸ್‌ನ ಸಂಜೆಯ ಬಗ್ಗೆಯೂ ಕೇಳಿದೆ, ಅವಳು ಕೂತೇ ಇದ್ದದ್ದರ ಬಗ್ಗೆ. "ಕೂತಿದ್ದೆ," ಎಂದಳು. "ಎದ್ರೆ ಪ್ರತಿ ಮೇಜಲ್ಲೂ ನಿನ್ನ ಬಗ್ಗೆ ಕೇಳ್ತಾರೆ ಅನ್ನಿಸಿತ್ತು." ಆಮೇಲೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಆಸ್ಟಿನ್‌ನಲ್ಲಿ ನಿನ್ನ ಆ ದೊಡ್ಡ ಸೂಟ್‌ಕೇಸ್ ಇಬ್ಬರೂ ಎತ್ತಿದ್ವಲ್ಲ, ಆ ಲಾರಿ ಕಟ್ಟೆ ಮೇಲಕ್ಕೆ? ದುಪಟ್ಟಾ ಸೊಂಟಕ್ಕೆ ಕಟ್ಕೊಂಡು ಎತ್ತಿದೆ. ಕಬ್ಬಿಣಕ್ಕೆ ಸಿಕ್ಕಿ ನನ್ನ ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು. ವಾಪಸ್ ಡಾಲಸ್‌ವರೆಗೂ ಒಂದೇ ಕೈಲಿ ಡ್ರೈವ್ ಮಾಡ್ದೆ. ನೀನೇ ಕರ್ಚೀಫು ಸುತ್ತಿದ್ದು."

ನನಗೆ ಅದು ನೆನಪಿಲ್ಲ. ಎಷ್ಟು ಹುಡುಕಿದರೂ ಆ ಉಗುರು, ಆ ರಕ್ತ, ನನ್ನದೇ ಕರ್ಚೀಫು, ಯಾವುದೂ ಸಿಗುವುದಿಲ್ಲ. ಅವಳು ಆಡದ ಮಾತು ಮಾತ್ರ, ಒಂದು ಅಕ್ಷರವೂ ಬಿಡದೆ, ಅವಳದೇ ದನಿಯಲ್ಲಿ ಈಗಲೂ ಕೇಳಿಸುತ್ತದೆ.